ಬೋರ್ಡು ಹೋಗಿದೆ ಅನ್ನುವುದಕ್ಕೆ ಮುಂಚೆ

"ಕಂಪ್ಯೂಟರ್ ಆನ್ ಆಗ್ತಿಲ್ಲ, ಬೇಗ ಬನ್ನಿ" ಅಂತ ಫೋನ್ ಬಂದರೆ ನಾನು ಬ್ಯಾಗ್ ಎತ್ತಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಗುಂಡಿ ಒತ್ತಿದಾಗ ಏನೂ ಅಲ್ಲಾಡುವುದಿಲ್ಲವೋ, ಫ್ಯಾನ್ ಸ್ವಲ್ಪ ತಿರುಗಿ ನಿಲ್ಲುತ್ತದೋ, ಇಲ್ಲಾ ಫ್ಯಾನ್ ತಿರುಗುತ್ತಲೇ ಇದ್ದು ಪರದೆ ಮಾತ್ರ ಕಪ್ಪಗಿದೆಯೋ? ಮೂರನೆಯದಾದರೆ ಅದು ಸಾಮಾನ್ಯವಾಗಿ ಕರೆಂಟಿನ ತಕರಾರಲ್ಲ. ಬಹಳ ಸಲ ರ‍್ಯಾಮ್ ಅನ್ನುವ ಮೆಮೊರಿ ಪಟ್ಟಿ ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಮತ್ತೆ ಟಕ್ ಅನ್ನುವಂತೆ ಕೂರಿಸಿದರೆ ಮುಗಿಯಿತು. ಮೊದಲೆರಡರಲ್ಲಿ ಮಾತ್ರ ಕೂತು ಯೋಚಿಸುವ ಕೆಲಸ ಇರುತ್ತದೆ.

ಹೊಸದಾಗಿ ಈ ಕೆಲಸಕ್ಕೆ ಬಂದ ಹುಡುಗರಿಗೆ ನಾನು ಹೇಳುವ ಪ್ರಕರಣ ಒಂದು ಹಳ್ಳಿಯ ಹಾಲಿನ ಡೇರಿಯದ್ದು. ಆಯುಧ ಪೂಜೆಯ ಮಾರನೇ ಬೆಳಿಗ್ಗೆ ಕಂಪ್ಯೂಟರ್ ಸತ್ತಿತ್ತು. ಹಾಲಿಗೆ ರಜೆ ಇಲ್ಲವಲ್ಲ, ಸೆಕ್ರೆಟರಿ ಫ್ಯಾಟು, ಲೀಟರು ಎಲ್ಲವನ್ನೂ ಕೈಯಲ್ಲೇ ಬರೆದುಕೊಳ್ಳುತ್ತಿದ್ದರು. ನನಗಿಂತ ಮುಂಚೆ ಬಂದವರೊಬ್ಬರು ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ಕರೆಂಟ್ ಕೊಡುವ ಡಬ್ಬಿ) ಬದಲಿಸಿ, ಆದರೂ ಏಳದಿದ್ದಾಗ "ಬೋರ್ಡು ಹೋಗಿದೆ" ಅಂದು ಹೋಗಿದ್ದರು. ಡಿಡಿಆರ್ 3 ಅನ್ನುವ ಹಳೆಯ ಬಗೆಯ ರ‍್ಯಾಮ್ ಕಾಲದ ಮದರ್‌ಬೋರ್ಡು. ಹೊಸ ಬೋರ್ಡು ಹಾಕಿದರೆ ಪ್ರೊಸೆಸರ್, ರ‍್ಯಾಮ್ ಎಲ್ಲ ಬದಲಾಗಬೇಕು. "ಬಟವಾಡೆ ಹತ್ರ ಬಂತು ಅಣ್ಣಾ, ಏನಾದ್ರೂ ಮಾಡಿ" ಅಂದರು ಸೆಕ್ರೆಟರಿ.

ನಾನು ಗೋಡೆಯಿಂದಲೇ ಶುರು ಮಾಡುವವನು. ಯುಪಿಎಸ್ ಬಿಟ್ಟು ನೇರ ಪ್ಲಗ್‌ಗೆ ಹಾಕಿದೆ. ಮಾನಿಟರಿನ ಪವರ್ ಕೇಬಲ್ ತೆಗೆದು ಕ್ಯಾಬಿನೆಟ್ಟಿಗೆ ಚುಚ್ಚಿದೆ. ಮಾನಿಟರ್ ಉರಿಯುತ್ತಿದ್ದರೆ ಆ ಕೇಬಲ್ ಸರಿ ಇದೆ ಅಂತ ತಾನೇ ಅರ್ಥ. ಹಿಂದಿನ ಸ್ವಿಚ್ ಆನ್ ಇದೆಯಾ ನೋಡಿದೆ. ಪೂಜೆಗೆ ಧೂಳು ಒರೆಸುವಾಗ ಅದು ಆಫ್ ಆಗಿರುವುದನ್ನು ಬೇಕಾದಷ್ಟು ಕಡೆ ಕಂಡಿದ್ದೇನೆ. (ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 115/230 ಅಂತ ಕೆಂಪು ಸ್ವಿಚ್ ಇರುತ್ತದೆ. ಒರೆಸುವ ಭರದಲ್ಲಿ ಅದನ್ನು 115ಕ್ಕೆ ಸರಿಸಿ ಆನ್ ಮಾಡಿದರೆ ಢಮಾರ್.)

ಆಮೇಲೆ ಮೀಟರ್. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ ಹೋಗುವ 24 ಪಿನ್ ಕನೆಕ್ಟರಿನ ನೇರಳೆ ವೈರಿನಲ್ಲಿ ಕಂಪ್ಯೂಟರ್ ಆಫ್ ಇದ್ದರೂ 5 ವೋಲ್ಟ್ ಇರಬೇಕು. ಇತ್ತು. ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿ ಹಸಿರು ವೈರನ್ನು ಕಪ್ಪಿಗೆ ಸೇರಿಸಿದರೆ ಎಸ್‌ಎಂಪಿಎಸ್ ಫ್ಯಾನ್ ತಾನಾಗಿ ತಿರುಗಬೇಕು. ತಿರುಗಿತು. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25ರ ಒಳಗೆ ಬಂದರೆ ಸದ್ಯಕ್ಕೆ ಅದರ ಮೇಲಿನ ಅನುಮಾನ ಬಿಡಬಹುದು. ಸದ್ಯಕ್ಕೆ ಅಂದೆ, ಏಕೆಂದರೆ ಲೋಡ್ ಇಲ್ಲದಾಗ ಚೆನ್ನಾಗಿ ತೋರಿಸಿ ಲೋಡ್ ಬಿದ್ದೊಡನೆ ಕುಸಿಯುವ ಎಸ್‌ಎಂಪಿಎಸ್‌ಗಳೂ ಇವೆ.

ಎಲ್ಲ ಮತ್ತೆ ಜೋಡಿಸಿ ಗೋಡೆಯ ಸ್ವಿಚ್ ಹಾಕಿದೆ. ಯಾರೂ ಗುಂಡಿ ಒತ್ತಿಲ್ಲ, ಆದರೂ ಫ್ಯಾನ್ ತಿರುಗಿತು, ಸ್ವಲ್ಪ ಹೊತ್ತಿಗೆ ನಿಂತಿತು. ಇನ್ನೊಮ್ಮೆ ಹಾಕಿ ಗಡಿಯಾರ ನೋಡಿದೆ. ನಾಲ್ಕು ಸೆಕೆಂಡ್. ಆಮೇಲೆ ಗುಂಡಿ ಒತ್ತಿದರೆ ಏನೂ ಇಲ್ಲ.

ಇಲ್ಲೇ ವಿಷಯ ಇರುವುದು. ಶಾರ್ಟ್ ಆಗಿದ್ದರೆ ಎಸ್‌ಎಂಪಿಎಸ್ ಅಷ್ಟು ಹೊತ್ತು ಕಾಯುವುದಿಲ್ಲ, ಫ್ಯಾನ್ ಒಮ್ಮೆ ಅದುರಿ ಅಲ್ಲೇ ನಿಲ್ಲುತ್ತದೆ. ನಾಲ್ಕು ಸೆಕೆಂಡ್ ಅನ್ನುವುದು ನಮಗೆಲ್ಲ ಗೊತ್ತಿರುವ ಲೆಕ್ಕ. ಹ್ಯಾಂಗ್ ಆದಾಗ ಪವರ್ ಗುಂಡಿಯನ್ನು ಅಷ್ಟು ಹೊತ್ತು ಒತ್ತಿ ಹಿಡಿದು ಆಫ್ ಮಾಡುತ್ತೇವಲ್ಲ, ಅದೇ. ಅಂದರೆ ಬೋರ್ಡಿನ ಪಾಲಿಗೆ ಗುಂಡಿಯನ್ನು ಯಾರೋ ಒತ್ತಿ ಹಿಡಿದೇ ಇದ್ದಾರೆ. ಮೊದಲೇ ಒತ್ತಿರುವ ಗುಂಡಿಯನ್ನು ಮತ್ತೆ ಒತ್ತಿದರೆ ಬೋರ್ಡಿಗೆ ಗೊತ್ತಾಗುವುದಾದರೂ ಹೇಗೆ?

ಬೋರ್ಡಿನ ಮೂಲೆಯಲ್ಲಿ ಪವರ್ ಎಸ್‌ಡಬ್ಲ್ಯೂ (ಪವರ್ ಸ್ವಿಚ್) ಅಂತ ಬರೆದಿರುವ, ಗುಂಡಿಯಿಂದ ಬರುವ ಪುಟ್ಟ ಎರಡು ಪಿನ್ ವೈರನ್ನು ಕಿತ್ತೆ. ಸ್ಕ್ರೂಡ್ರೈವರ್ ತುದಿಯಿಂದ ಆ ಎರಡು ಪಿನ್‌ಗಳನ್ನು ಕ್ಷಣ ಮಾತ್ರ ಮುಟ್ಟಿಸಿದೆ. ಯಂತ್ರ ಎದ್ದು ವಿಂಡೋಸ್ ತನಕ ಹೋಯಿತು. ಮುಂದಿನ ಪ್ಲಾಸ್ಟಿಕ್ ಮುಖ ಬಿಚ್ಚಿ ನೋಡಿದರೆ ಗುಂಡಿಯ ಸುತ್ತ ಗಂಧ, ಅದರ ಮೇಲೆ ಕುಂಕುಮ, ಎರಡೂ ಸೇರಿ ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ಪೂಜೆಯವರು ಬೊಟ್ಟಿಡಲು ಸರಿಯಾಗಿ ಗುಂಡಿಯನ್ನೇ ಆರಿಸಿಕೊಂಡಿದ್ದರು! ಒಳಗೆ ಹೋದ ಗುಂಡಿ ಹೊರಗೆ ಬಂದೇ ಇರಲಿಲ್ಲ.

ಹತ್ತಿಗೆ ಐಪಿಎ (ಬೇಗ ಆರುವ ಒಂದು ಬಗೆಯ ಆಲ್ಕೋಹಾಲ್) ಹಚ್ಚಿ ಒರೆಸಿದೆ. ಆದರೆ ಒಳಗಿನ ಸ್ವಿಚ್ಚಿಗೂ ಗಂಧದ ನೀರು ಇಳಿದಿತ್ತು, ಅದನ್ನು ನಂಬಲು ಮನಸ್ಸು ಬರಲಿಲ್ಲ. ರೀಸೆಟ್ ಗುಂಡಿಯ ವೈರನ್ನು ತಂದು ಪವರ್ ಪಿನ್‌ಗೆ ಚುಚ್ಚಿದೆ. ಎರಡೂ ಒಂದೇ ಬಗೆಯ ಸ್ವಿಚ್ಚು, ಬೋರ್ಡಿಗೆ ವ್ಯತ್ಯಾಸ ತಿಳಿಯುವುದಿಲ್ಲ. "ಇನ್ಮೇಲೆ ಕೆಳಗಿನ ಚಿಕ್ಕ ಗುಂಡಿ ಒತ್ತಿ" ಅಂತ ಹೇಳಿ ಅದರ ಪಕ್ಕ ಒಂದು ಸ್ಟಿಕ್ಕರ್ ಅಂಟಿಸಿದೆ.

ಮೊದಲು ಬಂದವರನ್ನು ನಾನು ಆಡಿಕೊಳ್ಳುವುದಿಲ್ಲ. ಗುಡುಗು ಸಿಡಿಲು, ಏರಿಳಿಯುವ ಕರೆಂಟು ಇರುವ ನಮ್ಮ ಕಡೆ ಎಸ್‌ಎಂಪಿಎಸ್ ಮೇಲೆ ಮೊದಲು ಅನುಮಾನ ಪಡುವುದು ಸಹಜ. ಆದರೆ ಬೋರ್ಡಿಗೆ ತೀರ್ಪು ಕೊಡುವ ಮುಂಚೆ ಈ ಎರಡು ಪಿನ್ ವೈರು, ಪ್ರೊಸೆಸರ್ ಪಕ್ಕದ ನಾಲ್ಕು ಪಿನ್ ಪವರ್, ಮುರಿದ ಮುಂದಿನ ಯುಎಸ್‌ಬಿ ಪೋರ್ಟು, ಇಷ್ಟನ್ನಾದರೂ ನೋಡಬೇಕು. ಒಂದಕ್ಕೂ ದುಡ್ಡು ಬೇಕಿಲ್ಲ. ದುಡ್ಡು ಬೇಕಿಲ್ಲದ್ದಕ್ಕೇ ಯಾರೂ ಮುಟ್ಟುವುದಿಲ್ಲವೇನೋ ಅಂತ ನನಗೆ ಗುಮಾನಿ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. 230 ವೋಲ್ಟ್ ಎಸಿ ಒಳಗೆ ಸುಮಾರು 325 ವೋಲ್ಟ್ ಡಿಸಿ ಆಗಿ ದೊಡ್ಡ ಕೆಪಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ.

ಹೊರಡುವಾಗ ಸೆಕ್ರೆಟರಿ ಬಿಲ್ ಪುಸ್ತಕ ನೋಡುತ್ತಾ, "ಏನೂ ಬದಲಿಸಿಲ್ಲ ಅಂದ್ರೆ ಆಡಿಟ್‌ನವ್ರು ಕೇಳ್ತಾರೆ" ಅಂದರು. ಪವರ್ ಸ್ವಿಚ್ ದುರಸ್ತಿ ಅಂತ ಬರೆದುಕೊಟ್ಟೆ. ಮೇಜಿನ ಕೆಳಗೆ ಬಿದ್ದಿದ್ದ ಅವರ ಹಳೆಯ ಎಸ್‌ಎಂಪಿಎಸ್‌ಗೂ ಮೀಟರ್ ಹಿಡಿದೆ. ಎಲ್ಲ ವೋಲ್ಟೂ ಸರಿಯಾಗಿದ್ದವು. ಗುಜರಿಗೆ ಹಾಕಬೇಡಿ, ಬೀರುವಿನಲ್ಲಿಡಿ ಅಂತ ಹೇಳಿ ಬಂದೆ.