"ಕ್ರಿಶ್ಚಿಯನ್ ಕಾಲೇಜಲ್ಲಿ ಎಕನಾಮಿಕ್ಸ್ ಬೇರೆ ಥರಾನಾ?"

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದರೆ ಸಾಕು, ಈ ಪ್ರಶ್ನೆಯೂ ಬರುತ್ತದೆ. "ಸರ್, ಮಗಳಿಗೆ ಕ್ರಿಶ್ಚಿಯನ್ ಕಾಲೇಜಲ್ಲಿ ಸೀಟು ಸಿಕ್ಕಿದೆ. ಅಲ್ಲಿ ಎಕನಾಮಿಕ್ಸ್ ಅವರದೇ ಥರ ಹೇಳಿಕೊಡ್ತಾರಂತೆ, ಹೌದಾ?"

ಇಲ್ಲ. 1880ರಲ್ಲಿ ಶುರುವಾದ ಮಂಗಳೂರಿನ ಸಂತ ಅಲೋಶಿಯಸ್ ಇರಲಿ, ನಿಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜಿರಲಿ, ರಾಜ್ಯ ಬೋರ್ಡಿನ ಪಿಯುಸಿಗೆ ಪುಸ್ತಕ ಒಂದೇ. ಮೊದಲ ವರ್ಷ ಸಂಖ್ಯಾಶಾಸ್ತ್ರ ಮತ್ತು ಭಾರತದ ಆರ್ಥಿಕ ಅಭಿವೃದ್ಧಿ, ಎರಡನೇ ವರ್ಷ ಸೂಕ್ಷ್ಮ ಮತ್ತು ಸಮಗ್ರ ಅರ್ಥಶಾಸ್ತ್ರ. ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕಕ್ಕೆ 20.

ಈ "ಅವರದೇ ಥರ" ಅನ್ನುವ ಮಾತು ನನಗೆ ಸಹಿಸಲಾಗುವುದಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಕೊಟ್ಟಿರುವುದು ಶಿಕ್ಷಣ ಸಂಸ್ಥೆ ಕಟ್ಟಿ ನಡೆಸುವ ಹಕ್ಕು. ಬೇಡಿಕೆ ರೇಖೆಗೆ ಧರ್ಮವಿಲ್ಲ. ಬೈಬಲ್ ಓದಿಸುತ್ತಾರೇನೋ ಎಂಬ ಅಳುಕಿದ್ದರೆ 28ನೇ ವಿಧಿಯನ್ನು ಓದಿ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆ ಬೇರೆ ಇದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದ ಮಗು ಇಂಗ್ಲಿಷಿನಲ್ಲಿ ಪಾಠ ನಡೆಯುವ ಕ್ಲಾಸಿನಲ್ಲಿ ಅರ್ಥಶಾಸ್ತ್ರವನ್ನು ಹೇಗೆ ಹಿಡಿಯಬೇಕು?

ಎಡವುವುದು ಕಷ್ಟದ ಪದಗಳಲ್ಲಿ ಅಲ್ಲ. "ಸೀಮಾಂತ ತುಷ್ಟಿಗುಣ"ಕ್ಕೆ ಮಾರ್ಜಿನಲ್ ಯುಟಿಲಿಟಿ ಎಂದು ಎರಡು ದಿನದಲ್ಲಿ ಬಾಯಿಪಾಠ ಆಗುತ್ತದೆ. ಎಡವುವುದು ಮನೆಯಲ್ಲಿ ದಿನಾ ಆಡುವ ಪದಗಳಲ್ಲಿ. ಟೊಮೆಟೊ ದರ 20 ರೂಪಾಯಿಯಿಂದ 25ಕ್ಕೆ ಏರಿ, ಮಾರಾಟ 100 ಕಿಲೋದಿಂದ 80ಕ್ಕೆ ಇಳಿಯಿತು ಅನ್ನಿ. ನಾವು "ಬೇಡಿಕೆ ಕಮ್ಮಿಯಾಯ್ತು" ಅನ್ನುತ್ತೇವೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ತಪ್ಪು. ಕಮ್ಮಿಯಾದದ್ದು ಬೇಡಿಕೆಯ ಪ್ರಮಾಣ. ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆ ಎಂದು ತೋರಿಸುವ ಬೇಡಿಕೆ ರೇಖೆ ಇದ್ದಲ್ಲೇ ಇದೆ, ಅದರ ಮೇಲಿನ ಬಿಂದು ಮೇಲಕ್ಕೆ ಸರಿದಿದೆ. ಜನರ ಆದಾಯವೋ ಅಭಿರುಚಿಯೋ, ಹೀಗೆ ಆ ಸರಕಿನ ಬೆಲೆ ಬಿಟ್ಟು ಬೇರೇನಾದರೂ ಬದಲಾದರೆ ಮಾತ್ರ ಇಡೀ ರೇಖೆ ಪಕ್ಕಕ್ಕೆ ಹೋಗುತ್ತದೆ.

ಅದೇ ಲೆಕ್ಕದಲ್ಲಿ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಬೇಡಿಕೆಯ ಪ್ರಮಾಣ ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬ ಅಳತೆ, ಕಂಡುಹಿಡಿಯಿರಿ. ಪ್ರಮಾಣದ ಬದಲಾವಣೆ 100ಕ್ಕೆ 20, ಅಂದರೆ ಶೇ. 20 ಇಳಿಕೆ. ಬೆಲೆಯದ್ದು 20ಕ್ಕೆ 5, ಅಂದರೆ ಶೇ. 25 ಏರಿಕೆ. ಭಾಗಿಸಿದರೆ ಮೈನಸ್ 0.8, ಅಂದರೆ ಅಸ್ಥಿತಿಸ್ಥಾಪಕ ಬೇಡಿಕೆ: ಬೆಲೆ ಏರಿದಷ್ಟು ಪಾಲು ಪ್ರಮಾಣ ಇಳಿದಿಲ್ಲ. ಅವಸರದಲ್ಲಿ ಹಳೆಯ ಸಂಖ್ಯೆ ಬಿಟ್ಟು ಹೊಸದರಿಂದ, ಅಂದರೆ 80 ಮತ್ತು 25ರಿಂದ, ಭಾಗಿಸಿದಿರೋ, ಮೈನಸ್ 1.25 ಬರುತ್ತದೆ. ಅಸ್ಥಿತಿಸ್ಥಾಪಕವಾಗಿದ್ದದ್ದು ಸ್ಥಿತಿಸ್ಥಾಪಕವಾಯಿತು, ಬೇಡಿಕೆಯ ಜಾತಿಯೇ ಬದಲಾಗಿ ಹೋಯಿತು! ಸೂತ್ರ ಬಂದರೂ ಉತ್ತರ ತಲೆಕೆಳಗಾಗುವುದು ಹೀಗೆ.

ನಕ್ಷೆಯಲ್ಲಿ ಬೆಲೆ ನಿಂತ ಗೆರೆಗೆ, ಪ್ರಮಾಣ ಮಲಗಿದ ಗೆರೆಗೆ. ಗಣಿತದಲ್ಲಿ ಕಾರಣವನ್ನು ಅಡ್ಡ ಅಕ್ಷದಲ್ಲಿ ಇಟ್ಟು ರೂಢಿಯಾದವರು ಇಲ್ಲಿ ತಿರುಗಿಸಿಬಿಡುತ್ತಾರೆ. ಎರಡೂ ಅಕ್ಷಕ್ಕೆ ಹೆಸರು ಬರೆದ ಮೇಲೆಯೇ ರೇಖೆ ಎಳೆಯುವುದು ಕ್ಷೇಮ.

ಜೂನಿನಿಂದಲೇ ಒಂದು ನೋಟ್‌ಬುಕ್ಕಿನ ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್, ಕೆಳಗೆ ಒಂದು ಅಂಕಿಯ ಉದಾಹರಣೆ. ಪ್ರಶ್ನೆಪತ್ರಿಕೆ ಎರಡೂ ಭಾಷೆಯಲ್ಲಿ ಅಚ್ಚಾಗಿರುತ್ತದೆ, ಆಗ ಈ ಪಟ್ಟಿ ಕೈಹಿಡಿಯುತ್ತದೆ. ಸೀಟು ಖಾತ್ರಿ ಮಾಡುವ ದಿನ ಆಫೀಸಿನಲ್ಲಿ ಧರ್ಮ ವಿಚಾರಿಸುವ ಬದಲು ಇದನ್ನು ಕೇಳಿ: ಉತ್ತರವನ್ನು ಕನ್ನಡದಲ್ಲಿ ಬರೆಯಲು ಕಾಲೇಜು ಬಿಡುತ್ತದೆಯೇ, ಹಾಗೆ ಬರೆಯುವವರಿಗೆ ಕನ್ನಡದಲ್ಲಿ ನೋಟ್ಸ್ ಕೊಡುವ ಉಪನ್ಯಾಸಕರು ಇದ್ದಾರೆಯೇ?