ಸಿಂಗಪುರದ ಕ್ರೂಸ್‌ಗೆ ಹೊರಟಿದ್ದೀರಾ? ಕಾಫಿ ಫಿಲ್ಟರ್ ಇಟ್ಟುಕೊಳ್ಳಿ, ಕೆಟಲ್ ಬೇಡ

ಸಿಂಗಪುರದಿಂದ ಹೊರಟು ಮಲೇಷ್ಯಾದ ಪೆನಾಂಗ್ ಮುಟ್ಟಿ ವಾಪಸ್ ಬರುವ ಕ್ರೂಸ್‌ಗೆ ನಾವು ಮನೆಮಂದಿ ಹೋಗಿಬಂದೆವು. ಚಿಕ್ಕಮಗಳೂರಿಗೆ ಬಂದ ಮೇಲೆ ಸಿಕ್ಕವರೆಲ್ಲ ಕೇಳುತ್ತಿರುವುದು ಒಂದೇ: ಕುಡಿಯೋಕೆ ಏನೇನು ತಗೊಂಡು ಹೋಗಬಹುದು? ಕೇಳಬೇಕಾದ ಪ್ರಶ್ನೆಯೇ. ಟಿಕೆಟ್ ದುಡ್ಡಿನಲ್ಲಿ ಹೊಟ್ಟೆ ತುಂಬ ಊಟ ಸಿಗುತ್ತದೆ, ಆದರೆ ಕುಡಿಯುವುದೆಲ್ಲ ಅದರಲ್ಲಿ ಸೇರಿರುವುದಿಲ್ಲ. ಬಫೆಯಲ್ಲಿ ನೀರು, ಟೀ, ಸಾದಾ ಕಾಫಿ, ನಿಂಬೆ ಪಾನಕ, ಬೆಳಗಿನ ಜ್ಯೂಸ್ ಪುಕ್ಕಟೆ. ಕೋಲಾ, ಬಾಟಲಿ ನೀರು, ಬಿಯರ್ ಮುಟ್ಟಿದರೆ ಡಾಲರ್‌ನಲ್ಲಿ ಬಿಲ್, ಅದರ ಮೇಲೆ ಶೇ. 18ರಿಂದ 20ರಷ್ಟು ಸೇವಾ ಶುಲ್ಕ. ಕ್ಯಾಬಿನ್ನಿನ ಮೇಜಿನ ಮೇಲೆ ಕೊರಳಿಗೆ ಚೀಟಿ ಕಟ್ಟಿಕೊಂಡು ನಿಂತಿರುವ ನೀರಿನ ಬಾಟಲಿಯೂ ಬಿಟ್ಟಿಯದಲ್ಲ. ಮಕ್ಕಳಿಗೆ ಮೊದಲೇ ಹೇಳಿಡಿ.

ಒಯ್ಯುವ ನಿಯಮ ಕಂಪನಿಯಿಂದ ಕಂಪನಿಗೆ ಬೇರೆ. ರಾಯಲ್ ಕೆರಿಬಿಯನ್‌ನದು ಹೀಗಿದೆ: ಮದ್ಯ ಕುಡಿಯುವ ವಯಸ್ಸು ತುಂಬಿದ ಒಬ್ಬೊಬ್ಬರಿಗೆ 750 ಮಿ.ಲೀ.ನ ಸೀಲ್ ಇರುವ ಒಂದು ವೈನ್ ಬಾಟಲಿ. ಒಂದು ಕ್ಯಾಬಿನ್‌ಗೆ ಒಟ್ಟು 12 ಕ್ಯಾನ್, ಬಾಟಲಿ ಅಥವಾ ಟೆಟ್ರಾ ಪ್ಯಾಕ್ ತಂಪು ಪಾನೀಯ, ಒಂದೊಂದೂ ಸುಮಾರು ಅರ್ಧ ಲೀಟರ್ ಮೀರಬಾರದು. ಅದೂ ಹಡಗು ಹತ್ತುವ ದಿನ ಮಾತ್ರ, ಕೈಚೀಲದಲ್ಲಿ ಮಾತ್ರ. ಪೋರ್ಟರ್ ಕೈಗೆ ಕೊಡುವ ದೊಡ್ಡ ಸೂಟ್‌ಕೇಸ್‌ನಲ್ಲಿ ಇಡಬೇಡಿ. ಎಳೆ ಮಕ್ಕಳ ಹಾಲಿಗೆ, ಪಥ್ಯದ ಪಾನೀಯಕ್ಕೆ ವಿನಾಯಿತಿ ಇದೆ. ಕಾರ್ನಿವಲ್ ಹಡಗುಗಳಲ್ಲಿ ತಂಪು ಪಾನೀಯದ ಬಾಟಲಿ ನಡೆಯುವುದಿಲ್ಲ, ಕ್ಯಾನ್ ಅಥವಾ ಪೊಟ್ಟಣವೇ ಆಗಬೇಕು. ನಿಯಮ ಆಗಾಗ ಬದಲಾಗುತ್ತದೆ, ಬುಕ್ ಮಾಡುವಾಗ ಒಮ್ಮೆ ನೋಡಿಕೊಳ್ಳಿ.

ವಿಸ್ಕಿ, ರಮ್ಮು ಸುತರಾಂ ಇಲ್ಲ. ಮೌತ್‌ವಾಶ್ ಬಾಟಲಿಗೆ ತುಂಬಿಕೊಂಡು ಹೋಗುವ ಉಪಾಯವನ್ನು ನಮ್ಮ ಭಾವ ಎಲ್ಲೋ ನೋಡಿಕೊಂಡು ಬಂದಿದ್ದರು. ‘ಭಾವ, ಮೂರು ರಾತ್ರಿ ಸುಮ್ಮನಿರೋಕಾಗಲ್ವಾ ನಿಮಗೆ?’ ಅಂದೆ, ಅಲ್ಲಿಗೇ ನಿಂತಿತು. ಪ್ರತಿ ಚೀಲವೂ ಎಕ್ಸ್‌ರೇ ದಾಟಿಯೇ ಒಳಗೆ ಹೋಗುವುದು. ಇನ್ನು ನಮ್ಮ ಕಡೆಯ ಮನೆ ವೈನು, ಪುನರ್ಪುಳಿ ಶರಬತ್ತು ಎಷ್ಟೇ ಚೆನ್ನಾಗಿರಲಿ, ಸೀಲು ಲೇಬಲ್ಲು ಇಲ್ಲದ್ದು ಒಳಗೆ ಹೋಗುವುದು ಕಷ್ಟ. ದಿನಕ್ಕಿಷ್ಟು ಎಂದು ಮೊದಲೇ ದುಡ್ಡು ಕಟ್ಟಿ ಕುಡಿಯುವ ಮದ್ಯದ ಪ್ಯಾಕೇಜ್ ಕೊಳ್ಳುವ ಯೋಚನೆ ಇದ್ದರೆ ಒಂದು ಎಚ್ಚರಿಕೆ: ಒಬ್ಬರು ತೆಗೆದುಕೊಂಡರೆ ಅದೇ ಕ್ಯಾಬಿನ್‌ನ ದೊಡ್ಡವರೆಲ್ಲ ತೆಗೆದುಕೊಳ್ಳಬೇಕು ಎನ್ನುವ ಷರತ್ತು ಅನೇಕ ಕಡೆ ಇದೆ. ಅತ್ತೆಯನ್ನೂ ಭಾವನನ್ನೂ ಒಂದೇ ಕ್ಯಾಬಿನ್‌ಗೆ ಹಾಕುವ ಮುಂಚೆ ಲೆಕ್ಕ ಹಾಕಿ!

ಈಗ ಕಾಫಿ ವಿಚಾರ. ಹಡಗಿನ ಬಫೆ ಕಾಫಿ ನಮ್ಮ ಜಿಲ್ಲೆಯವರ ಬಾಯಿಗೆ ಹಿಡಿಸುವಂಥದ್ದಲ್ಲ. ಕಪ್ಪು ನೀರು, ಅಷ್ಟೆ. ಎಲೆಕ್ಟ್ರಿಕ್ ಕೆಟಲ್, ನೀರು ಕಾಯಿಸುವ ಕಾಯಿಲ್, ಇಸ್ತ್ರಿಪೆಟ್ಟಿಗೆ ಬೆಂಕಿಯ ಭಯಕ್ಕೆ ನಿಷೇಧ. ಅಂಥದ್ದು ಇರುವ ಸೂಟ್‌ಕೇಸು ಕ್ಯಾಬಿನ್ ಬಾಗಿಲಿಗೆ ಬರುವುದೇ ಇಲ್ಲ, ನೀವೇ ಹೋಗಿ ತೆರೆದು ತೋರಿಸಬೇಕು. ಆದರೆ ಸ್ಟೀಲ್ ಫಿಲ್ಟರ್‌ಗೆ ಕರೆಂಟ್ ಬೇಕಿಲ್ಲವಲ್ಲ. ನಮ್ಮೂರಿನ ಎಂ.ಜಿ. ರಸ್ತೆಯಲ್ಲಿ ಪುಡಿ ಮಾಡಿಸುವಾಗ ಪಿನ್ ಹೊಡೆದ ಕಾಗದದ ಪೊಟ್ಟಣ ಬೇಡ, ಮೆಷಿನ್ ಸೀಲ್ ಮಾಡಿದ ಪ್ಯಾಕೆಟ್ ಕೊಡಿ ಎಂದು ಕೇಳಿ. ಸಣ್ಣ ಫಿಲ್ಟರ್, ಎರಡು ಲೋಟ, ಒಂದು ಫ್ಲಾಸ್ಕ್ ಸಾಕು.

ಬಫೆಯ ಬಿಸಿನೀರು ಕುದಿಯುವ ನೀರಲ್ಲ, ಮೊದಲ ಸಲ ಡಿಕಾಕ್ಷನ್ ತೆಳ್ಳಗೆ ಇಳಿಯುತ್ತದೆ. ಅದಕ್ಕೆ ಅತ್ತೆ ಮಾಡಿದ ಉಪಾಯ ಹೀಗಿತ್ತು: ಖಾಲಿ ಫಿಲ್ಟರನ್ನು ಬಿಸಿನೀರಿನಲ್ಲಿ ಒಮ್ಮೆ ತೊಳೆದು ಕಾಯಿಸುವುದು, ಮನೆಯಲ್ಲಿ ಹಾಕುವುದಕ್ಕಿಂತ ಒಂದು ಚಮಚ ಪುಡಿ ಹೆಚ್ಚು ಹಾಕಿ ಚೆನ್ನಾಗಿ ಒತ್ತುವುದು, ಪುಡಿ ನೆನೆಯುವಷ್ಟು ನೀರು ಹಾಕಿ ಎರಡು ನಿಮಿಷ ಬಿಟ್ಟು ಉಳಿದದ್ದನ್ನು ಸುರಿಯುವುದು. ರಾತ್ರಿ ಮಲಗುವ ಮುಂಚೆ ಇಳಿಸಿಟ್ಟರೆ ಬೆಳಗ್ಗೆ ಗಟ್ಟಿ ಡಿಕಾಕ್ಷನ್ ರೆಡಿ. ಬಿಸಿ ಹಾಲನ್ನು ಬಫೆಯವರನ್ನೇ ಕೇಳಿ, ಕೊಡುತ್ತಾರೆ. ಬಾಲ್ಕನಿಯಲ್ಲಿ ಕೂತು ಲೋಟದಿಂದ ಲೋಟಕ್ಕೆ ಎತ್ತಿ ಹಾಕಲು ಹೋಗಬೇಡಿ, ಗಾಳಿಗೆ ಅರ್ಧ ಕಾಫಿ ಪಕ್ಕದವರ ಪಾಲು.

ತಂಪು ಪಾನೀಯವನ್ನು ಊರಿನಿಂದ ಹೊರುವುದು ದಂಡ. ವಿಮಾನದ ಕೈಚೀಲದಲ್ಲಿ 100 ಮಿ.ಲೀ. ಮೀರಿದ ದ್ರವ ಬಿಡುವುದಿಲ್ಲ, ಚೆಕ್-ಇನ್‌ನಲ್ಲಿ ತೂಕ ತಿನ್ನುತ್ತದೆ. ಹಡಗು ಹತ್ತುವ ಹಿಂದಿನ ದಿನ ಸಿಂಗಪುರದ ಲಿಟಲ್ ಇಂಡಿಯಾದ ಮುಸ್ತಫಾ ಸೆಂಟರ್‌ನಲ್ಲಿ ಕೊಳ್ಳಿ. ಓಆರ್‌ಎಸ್ ಪುಡಿ ಮಾತ್ರ ಊರಿನಿಂದಲೇ ಬರಲಿ. ಹಡಗಿನ ಓಲಾಟಕ್ಕೆ ವಾಂತಿ ಶುರುವಾದರೆ ಕೋಲಾಗಿಂತ ಅದೇ ಗತಿ. ಇನ್ನೊಂದು: ಸಿಂಗಪುರದಲ್ಲಿ ಕ್ರೂಸ್ ನಿಲ್ದಾಣ ಎರಡಿವೆ, ಹಾರ್ಬರ್‌ಫ್ರಂಟ್ ಒಂದು, ಮರೀನಾ ಬೇ ಇನ್ನೊಂದು. ಕ್ಯಾನುಗಳ ಚೀಲ ಹೊತ್ತುಕೊಂಡು ತಪ್ಪು ನಿಲ್ದಾಣದಲ್ಲಿ ಇಳಿದರೆ ಫಜೀತಿ.

ಖಾಲಿ ನೀರಿನ ಬಾಟಲಿ ತಲೆಗೊಂದು ಇರಲಿ. ಬಫೆಯ ನಲ್ಲಿಗೆ ಬಾಟಲಿಯ ಬಾಯಿ ತಾಗಿಸಬಾರದು, ಲೋಟಕ್ಕೆ ಹಿಡಿದು ಸುರಿದುಕೊಳ್ಳಿ. ಸಿಂಗಪುರದಲ್ಲಾದರೆ ನಲ್ಲಿ ನೀರನ್ನೇ ಧಾರಾಳವಾಗಿ ಕುಡಿಯಬಹುದು.

ಪೆನಾಂಗ್‌ನಲ್ಲಿ ಇಳಿದು ಮದ್ಯದ ಬಾಟಲಿ ಕೊಂಡರೆ ಹಡಗಿನವರು ಹತ್ತುವಾಗಲೇ ಇಸಿದುಕೊಂಡು, ಪ್ರವಾಸ ಮುಗಿಯುವಾಗ ಕೊಡುತ್ತಾರೆ. ಅಲ್ಲಿಗೆ ತೊಂದರೆ ಮುಗಿಯುವುದಿಲ್ಲ: ಮಲೇಷ್ಯಾದಿಂದ ಬಂದವರಿಗೆ ಸಿಂಗಪುರದಲ್ಲಿ ಮದ್ಯದ ಸುಂಕ ವಿನಾಯಿತಿ ಇಲ್ಲ, ಘೋಷಿಸಿ ತೆರಿಗೆ ಕಟ್ಟಬೇಕು. ಕೊಳ್ಳಲೇಬೇಕಿದ್ದರೆ ವಾಪಸ್ ಬರುವಾಗ ಚಾಂಗಿ ವಿಮಾನ ನಿಲ್ದಾಣದಲ್ಲಿ ಕೊಳ್ಳಿ. ಬೆಂಗಳೂರಿನಲ್ಲಿ ಇಳಿದಾಗ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲ. ಭಾವ ಹಾಗೇ ಮಾಡಿದರು.