ಆಫೀಸಿನ ಕಂಪ್ಯೂಟರ್‌ಗಳಿಗೆ ಯಾವ ಹೆಸರಿಡಬೇಕು?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಹೆಡ್ ಆಫೀಸು, ಮಂಡ್ಯದಲ್ಲೊಂದು ಬ್ರಾಂಚು, ಎಲ್ಲ ಸೇರಿ ಐವತ್ತು ಸಿಸ್ಟಮ್ಮು ಎಂದುಕೊಳ್ಳಿ. ಇಷ್ಟೇ ಇದ್ದರೂ ಹೆಸರಿಡಲು ಒಂದು ನಿಯಮ ಬೇಕೇ ಬೇಕು. ಗುಜರಿಗೆ ಹೋಗುವ ತನಕ ಯಾವುದು ಬದಲಾಗುವುದಿಲ್ಲವೋ ಅದು ಮಾತ್ರ ಹೆಸರಿನಲ್ಲಿರಲಿ. ಕೂರುವವರ ಹೆಸರು, ವಿಭಾಗ, ವಿಂಡೋಸ್ ಆವೃತ್ತಿ ಎಲ್ಲಾ ಆಸ್ತಿ ರಿಜಿಸ್ಟರಿಗೆ ಹೋಗಲಿ.

ಉದ್ದದ ಮಿತಿಯನ್ನು ಮೊದಲೇ ನೋಡಿಕೊಳ್ಳಿ. ಹೆಸರು ಕೊಟ್ಟರೆ ಯಂತ್ರದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ 63 ಅಕ್ಷರ ನಡೆಯುತ್ತದೆ, ಆದರೆ ವಿಂಡೋಸ್ ನೆಟ್‌ವರ್ಕಿನ ಹಳೆಯ ಬಗೆಯ ನೆಟ್‌ಬಯಾಸ್ ಹೆಸರು 15ಕ್ಕೇ ನಿಲ್ಲುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ‘ಮೈಸೂರು-ಅಕೌಂಟ್ಸ್-1’ ಎಂದು ಬರೆದು ಎಣಿಸಿ: ಮೈಸೂರಿಗೆ 6, ಹೈಫನ್ 1, ಅಕೌಂಟ್ಸ್‌ಗೆ 8. ಹದಿನೈದು ಅಲ್ಲಿಗೇ ಮುಗಿಯಿತು, ಕೊನೆಯ ‘-1’ ಕತ್ತರಿಸಿ ಹೋಗುತ್ತದೆ. ‘-2’ಕ್ಕೂ ಅದೇ ಗತಿ, ಎರಡೂ ಒಂದೇ ಹೆಸರಾಗಿ ಜಗಳಕ್ಕೆ ಬೀಳುತ್ತವೆ. ಅಕ್ಷರ, ಅಂಕಿ, ನಡುವೆ ಹೈಫನ್ ಸಾಕು. ಸ್ಪೇಸ್, ಅಂಡರ್‌ಸ್ಕೋರ್ ಬೇಡ.

ಊರಿಗೆ ರೈಲ್ವೆ ಕೋಡ್ ಬಳಸೋಣ ಅನ್ನಿಸುವುದು ಸಹಜ. 2014ರಲ್ಲಿ ಮೈಸೂರಿನ ಇಂಗ್ಲಿಷ್ ಹೆಸರು ಬದಲಾದರೂ ಅದರ ಕೋಡ್ ‘ಎಂವೈಎಸ್’ ಬದಲಾಗಲಿಲ್ಲ, ಕೋಡ್ ಅಂದರೆ ಹಾಗಿರಬೇಕು. ಆದರೆ ಮಂಡ್ಯದ್ದು ‘ಎಂವೈಎ’. ಫೋನಿನಲ್ಲಿ ಹೇಳಿದರೆ ಎರಡೂ ಒಂದೇ ಥರ ಕೇಳಿಸುತ್ತದೆ. ಮಂಡ್ಯಕ್ಕೆ ‘ಎಂಎನ್‌ಡಿ’ ಇಟ್ಟುಕೊಳ್ಳಿ. ಗಾಡಿ ನಂಬರಿನ 09, 11 ಕೂಡ ಸರಿಬರುವುದಿಲ್ಲ, ಮೈಸೂರಿಗೆ 55 ಕೂಡ ಇದೆಯಲ್ಲ.

ಊರು, ಬಗೆ, ನಾಲ್ಕಂಕಿ: ‘ಎಂವೈಎಸ್-ಡಿಟಿ-0042’ (ಡಿಟಿ ಅಂದರೆ ಡೆಸ್ಕ್‌ಟಾಪ್). ಹೈಫನ್ ಸೇರಿ 11 ಅಕ್ಷರ. ಲ್ಯಾಪ್‌ಟಾಪಿಗೆ ಊರು ಬೇಡ, ಅದು ಇವತ್ತು ಇಲ್ಲಿ, ನಾಳೆ ಮಂಡ್ಯದಲ್ಲಿ. ನಂಬರು ಎರಡೂ ಊರಿಗೆ ಸೇರಿ ಒಂದೇ ಸಾಲಿನಲ್ಲಿ ಹೋಗಲಿ. ಗುಜರಿಗೆ ಹೋದದ್ದರ ನಂಬರು ಮತ್ತೆ ಕೊಡಲೇಬೇಡಿ, ಬ್ಯಾಕಪ್ಪಿನಲ್ಲಿ, ಆಂಟಿವೈರಸ್ ಪಟ್ಟಿಯಲ್ಲಿ ಹಳೆಯದರ ದಾಖಲೆ ಇದ್ದೇ ಇರುತ್ತದೆ. ಸ್ಟಿಕ್ಕರನ್ನು ಸಿಪಿಯು ಮೇಲೇ ಅಂಟಿಸಿ. ಮಾನಿಟರು ಟೇಬಲ್ಲಿಂದ ಟೇಬಲ್ಲಿಗೆ ಹೋಗುತ್ತಿರುತ್ತದೆ.

ಸರ್ವರಿನ ಮಾತು ಬೇರೆ. ಯಂತ್ರಕ್ಕೆ ನಂಬರಿನ ಹೆಸರೇ ಇರಲಿ, ಜನ ಬಳಸಲು ಡಿಎನ್‌ಎಸ್‌ನಲ್ಲಿ ‘ಟ್ಯಾಲಿ’, ‘ಫೈಲ್ಸ್’ ಎಂಬ ಅಲಿಯಾಸ್, ಅಂದರೆ ಅಡ್ಡಹೆಸರು, ಕೊಡಿ. ಸರ್ವರು ಬದಲಾದ ದಿನ ಅಲಿಯಾಸನ್ನು ಹೊಸದಕ್ಕೆ ತಿರುಗಿಸಿದರಾಯಿತು, ಒಂದೊಂದು ಟೇಬಲ್ಲಿಗೂ ಹೋಗಿ ಡ್ರೈವ್ ಮ್ಯಾಪ್ ಮಾಡುವ ಪಾಡಿಲ್ಲ. ಹಿಂದಿನ ದಿನವೇ ಆ ಅಲಿಯಾಸ್ ದಾಖಲೆಯ ಟಿಟಿಎಲ್ (ಹಳೆಯ ಉತ್ತರವನ್ನು ಕಂಪ್ಯೂಟರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡಿಗೆ ಇಳಿಸಿಡಿ. ವಿಂಡೋಸ್ ಫೈಲ್ ಶೇರ್ ಬರೀ ಅಲಿಯಾಸಿಗೆ ಕೆಲವೊಮ್ಮೆ ಬಾಗಿಲು ತೆಗೆಯುವುದಿಲ್ಲ. ಆಗ ಸರ್ವರಿನಲ್ಲಿ ‘ನೆಟ್‌ಡಮ್’ ಕಮಾಂಡಿನಿಂದ ಅದೇ ಹೆಸರನ್ನು ಪರ್ಯಾಯ ಹೆಸರಾಗಿ ಸೇರಿಸಬೇಕು.